ಲಿಸ್ಕಾ ಹತ್ತದ ತೊರೆ

ಈ ತೊರೆಯ ಹೆಸರು ಕೇಳಬೇಡಿ,
ವಿಟೊಮಿರ್‌ಗೆ ಮಾತು ಕೊಟ್ಟಿದ್ದೇನೆ.
ಸ್ಲೊವೇನಿಯಾದ ನಕಾಶೆಯಲ್ಲಿ ಅದು ಕೂದಲೆಳೆಯಷ್ಟು ನೀಲಿ,
ಮಡಿಕೆ ಸವೆದ ಕಡೆ ಅಷ್ಟೂ ಇಲ್ಲ.

ಬೆಳಗಿನ ಆರಕ್ಕೇ ಹೊರಟೆವು.
ಬೀಚ್ ಮರಗಳಡಿ ಹೋದ ವರ್ಷದ ಎಲೆ ಮೊಣಕಾಲುದ್ದ,
ಕಾಡುಬೆಳ್ಳುಳ್ಳಿಯ ಘಾಟು, ಸುಣ್ಣಕಲ್ಲಿನ ಮೇಲೆ ಹಾವಸೆ.
ಎಂಬತ್ತಮೂರರ ಮುದುಕ ಮುಂದೆ, ನಾನು ಹಿಂದೆ;
ಅವನದು ಊರುಗೋಲು, ನನ್ನದು ಗಾಳದ ಕೋಲು,
ಪೊದೆಗೆ ಸಿಕ್ಕಿಕೊಳ್ಳುವುದರಲ್ಲಿ ಎರಡೂ ಒಂದೇ.

ಮೊದಲ ಮಡುವಿನ ಟ್ರೌಟಿಗೆ ಕೆಂಪು ಚುಕ್ಕೆ.
"ನನ್ನದು," ಅಂದ, ತಲೆಯೆತ್ತದೆ.
ಎರಡನೆಯದಕ್ಕೂ ಚುಕ್ಕೆ. "ಅದೂ ನನ್ನದೇ."

ಇಪ್ಪತ್ತೆರಡರ ಹರೆಯ, ಸರ್ಕಾರದ ಸಂಬಳ,
ಹೇಸರಗತ್ತೆಯ ಬೆನ್ನಿಗೆ ಎರಡು ತಗಡಿನ ಡಬ್ಬಿ,
ಒಳಗೆ ಎಲ್ಲಿಂದಲೋ ತರಿಸಿದ ಮೀನುಮರಿ.
ತೊರೆಗೆ ಐನೂರು, ಲೆಕ್ಕಕ್ಕೊಂದು ಸಹಿ.
ಬೇಗ ಬೆಳೆಯುತ್ತವೆ, ಊರಿಗೆಲ್ಲ ಊಟ, ಅಂದಿದ್ದರು ಮೇಲಿನವರು.
"ಕಣಿವೆ ಕಣಿವೆಗೂ ಪುಣ್ಯ ಸುರಿಯುತ್ತಿದ್ದೇನೆ ಅಂದುಕೊಂಡಿದ್ದೆ."
ಬಂದವು ಇದ್ದವುಗಳ ಜೊತೆ ಕೂಡಿದವು.
ಮೊಮ್ಮಕ್ಕಳ ಕಾಲಕ್ಕೆ ಬೆನ್ನಿನ
ಅಮೃತಶಿಲೆಯ ಗೆರೆ ಅಳಿಸಿಹೋಗಿತ್ತು.

ಮಧ್ಯಾಹ್ನ ದಾಟಿತು. ಮೂರು, ನಾಲ್ಕು, ಎಲ್ಲಕ್ಕೂ ಚುಕ್ಕೆ.
ಐದನೆಯದು ಬೇರಿನಡಿಯಿಂದ ಮೂಗು ತೋರಿಸಿ ಹೋಯಿತು.
ನನ್ನ ಮೊಣಕೈ ತರಚಿತ್ತು, ಬೂಟಿನೊಳಗೆ ಹಿಮ ಕರಗಿದ ನೀರು.

ಆಮೇಲೊಂದು ಜಲಪಾತ. ಜಲಪಾತ ಅನ್ನುವುದು ದೊಡ್ಡ ಮಾತು,
ಎರಡಾಳೆತ್ತರದ ಬಂಡೆ, ಅದರಿಂದ ಜಾರುವ ಬಿಳಿ.
ಕೋಲಿನಿಂದ ನೆಲ ತಟ್ಟಿದ:
"ಇಲ್ಲೇ ಕೂತುಬಿಟ್ಟಳು ಲಿಸ್ಕಾ. ಡಬ್ಬಿ ಸಮೇತ.
ಮಳೆ ಬೇರೆ. ಎಳೆದೆ, ಬೈದೆ, ಅಂಗಲಾಚಿದೆ.
ಕಿವಿ ಮಾತ್ರ ಅಲ್ಲಾಡಿಸಿದಳು."
ಮರಿಗಳನ್ನು ಇಲ್ಲೇ ಕೆಳಗೆ ಸುರಿದು
ಮೇಲಿನದಕ್ಕೂ ಸೇರಿಸಿ ಸಹಿ ಹಾಕಿದನಂತೆ.

ಬೇರು ಹಿಡಿದು ಹತ್ತಿದೆ. ಅವನು ಕೆಳಗೇ ಉಳಿದ.

ಮೇಲಿನ ಮಡು ನಮ್ಮ ಅಡುಗೆಮನೆಯ ಮೇಜಿನಷ್ಟು.
ಮಂಡಿಯೂರಿ, ಉಸಿರು ಹಿಡಿದು, ಗರಿಯ ನೊಣ ತೇಲಿಬಿಟ್ಟೆ.
ತಳದಲ್ಲೊಂದು ಕಲ್ಲು ಕದಲಿತು.
ಕಲ್ಲಲ್ಲ.

ಒದ್ದೆ ಅಂಗೈಯಲ್ಲಿ ಗೇಣುದ್ದದ್ದು.
ಚುಕ್ಕೆಯಿಲ್ಲ. ತಿರುಗಿಸಿ ನೋಡಿದೆ, ಒಂದೂ ಇಲ್ಲ.
ಬೂದಿಹಸಿರಿನ ಮೇಲೆ ಸುತ್ತಿ ಬಳಸಿ ಹರಿದ ಗೆರೆಗಳು,
ಯಾರೋ ಹಿಟ್ಟಿನಲ್ಲಿ ಬೆರಳಾಡಿಸಿ
ಎದ್ದುಹೋದ ಹಾಗೆ.
ಮೂರು ಎಣಿಸುವಷ್ಟರಲ್ಲಿ ಬಿಟ್ಟೆ,
ಮತ್ತೆ ಕಲ್ಲಾಯಿತು.

ಇಳಿದು ಹೇಳಿದೆ. ಕಿವಿ ಮಂದ, ಎರಡು ಸಲ ಹೇಳಿದೆ.
"ಚುಕ್ಕೆ?"
"ಇಲ್ಲ."
ಬಹಳ ಹೊತ್ತು ನೀರು ನೋಡಿದ.
ದೇವರು ಅನ್ನುತ್ತಾನೇನೋ, ಅದೃಷ್ಟ ಅನ್ನುತ್ತಾನೇನೋ ಎಂದು ಕಾದೆ.

"ಅವತ್ತು ಅವಳಿಗೆ ಹೊಡೆದೆ," ಅಂದ.
"ಈ ಕೋಲಲ್ಲ. ಇದಕ್ಕಿಂತ ದಪ್ಪನೆಯದು."

ಇಳಿಜಾರಿನಲ್ಲಿ ಎಲೆ ಜಾರುತ್ತಿತ್ತು.
ಆದರೂ ಕೋಲನ್ನು ಊರಲಿಲ್ಲ ಅವನು,
ಕಂಕುಳಲ್ಲಿ ಇರುಕಿಕೊಂಡು
ರಸ್ತೆಯವರೆಗೂ ಹಾಗೇ ನಡೆದ.