ಎರಡನೆಯ ಗುಂಪು

ಬಸ್ ನಿಲ್ದಾಣದ ಎದುರು ಜ್ಯೂಸಂಗಡಿಯ ಖಲಂದರ್
ಸಂಜೆಗೊಂದು ಚೀಲ ತೆಗೆದಿಡುತ್ತಿದ್ದ, ದಾಳಿಂಬೆ ಸಿಪ್ಪೆ.
"ಎಮ್ಮೆಗಾ ಮೇಡಂ?" ಅಂದ. "ಇಲಿಗೆ" ಅಂದೆ.
ನಕ್ಕ. ಮರುದಿನದಿಂದ ಚೀಲದ ಮೇಲೆ
ಸ್ಕೆಚ್ ಪೆನ್ನಿನಲ್ಲಿ ಬರೆದಿರುತ್ತಿತ್ತು: ಇಲಿ.

ಕಾಲೇಜಿನ ತಾರಸಿಯ ನೆರಳಲ್ಲಿ ಹತ್ತು ದಿನ ಒಣಗಿತು.
ಜೋಗಿಮಟ್ಟಿ ಕಡೆಯ ಗಾಳಿಗೆ ಹಾರದಂತೆ
ಸೊಳ್ಳೆಪರದೆ ಹೊದಿಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ದುರ್ಗದಲ್ಲಿ ಕಲ್ಲಿಗೇನು ಬರವೆ.

ಆಮೇಲೆ ಪುಡಿ, ಆಲ್ಕೋಹಾಲು, ಮೂರು ದಿನದ ನೆನೆ.
ಸೋಸಿ, ಆವಿಯಾಗಿಸಿ, ತಳದಲ್ಲಿ ಉಳಿದದ್ದು
ಜೋನಿಬೆಲ್ಲದಂಥ ಕಪ್ಪು.
ಪುಸ್ತಕದಲ್ಲಿ ಅದರ ಹೆಸರು ಪಾಲಿಫಿನಾಲ್,
ನಾಲಿಗೆಯಲ್ಲಿ ಒಗರು.
ನಿಯಮ ಮೀರಿ ಒಮ್ಮೆ ಬೆರಳ ತುದಿಯಿಂದ ನೆಕ್ಕಿದ್ದೆ.
ಬಾಯೆಲ್ಲ ಒಳಕ್ಕೆ ಎಳೆದುಕೊಂಡಿತು,
ಆಡಬಾರದ ಮಾತು ತುಟಿಗೆ ಬಂದವಳ ಹಾಗೆ.
ಹೊಟ್ಟೆ ಕೆಟ್ಟಾಗ ಅಜ್ಜಿ ಇದನ್ನೇ ಕುದಿಸಿ ಕುಡಿಸಿದ್ದಳು.
ಅವಳಿಗೆ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ,
ನಾನೊಬ್ಬಳೇ ಇದ್ದೆ.

ಇಲ್ಲಿ ಮೂವತ್ತು. ಬಿಳಿ ಮೈ, ಕೆಂಪು ಕಣ್ಣು, ಆರಾರರ ಐದು ಗುಂಪು.
ಮೊದಲನೆಯದು ಆರೋಗ್ಯವಂತರದ್ದು.
ಉಳಿದವಕ್ಕೆ ಒಂದೇ ಬೆಳಿಗ್ಗೆ ಸೂಜಿ ಚುಚ್ಚಿ
ನಾನೇ ಸಕ್ಕರೆ ಕಾಯಿಲೆ ತರಿಸಿದೆ.
ಮೂರಕ್ಕೆ ಮೆಡಿಕಲ್ ಸ್ಟೋರಿನ ಮಾತ್ರೆ,
ನಾಲ್ಕಕ್ಕೂ ಐದಕ್ಕೂ ನನ್ನ ಕಪ್ಪು, ಕಡಿಮೆ, ಹೆಚ್ಚು.
ಎರಡಕ್ಕೆ ಕಾಯಿಲೆ ಮಾತ್ರ.

ಪಾಲಯ್ಯ ಇಪ್ಪತ್ತೆರಡು ವರ್ಷದಿಂದ ಪ್ರಾಣಿಮನೆಯಲ್ಲಿದ್ದಾನೆ.
ಹೊಟ್ಟು ಬದಲಿಸುವುದು, ಪಂಜರ ತೊಳೆಯುವುದು, ದೀಪ ಆರಿಸುವುದು.
"ಹೆಸರಿಡಬೇಡ" ಅಂದಿದ್ದೆ. "ಇಡಲ್ಲ" ಅಂದಿದ್ದ.
ಎರಡನೆಯ ಗುಂಪಿನ ಬಾಟಲಿ
ಮಧ್ಯಾಹ್ನದೊಳಗೆ ಖಾಲಿಯಾಗುವುದನ್ನು
ನನಗಿಂತ ಮೊದಲು ಕಂಡವನು ಅವನು.

ಬಾಲದ ತುದಿಯ ಒಂದು ಹನಿ ರಕ್ತ.
ಹದಿನಾಲ್ಕನೆಯ ದಿನ ನಾಲ್ಕುನೂರ ಹನ್ನೆರಡು.
ಇಪ್ಪತ್ತೊಂದಕ್ಕೆ ಮುನ್ನೂರ ಮೂವತ್ತು.
ಮೇಲೇ ಇರಬೇಕಾದ ಗೆರೆ ಬಾಗತೊಡಗಿತು.
ಪಟ್ಟಿ ಬದಲಿಸಿದೆ, ಯಂತ್ರ ಬದಲಿಸಿದೆ,
ನನ್ನ ಕಣ್ಣನ್ನೇ ಅನುಮಾನಿಸಿದೆ.
ಕೊನೆಗೆ ಹೊಟ್ಟಿನ ನಡುವೆ ಸಿಕ್ಕಿತು,
ಹಲ್ಲಿನ ಗುರುತಿದ್ದ ಕೆಂಪು ಚೂರು.

"ನಾನೇ ಹಾಕಿದ್ದು" ಅಂದ ಪಾಲಯ್ಯ, ಪೈಪು ಕೆಳಗಿಡದೆ.
"ನಾನೂ ರಾತ್ರಿ ಐದು ಸಲ ಎದ್ದೇಳ್ತೀನಿ ಮೇಡಮ್ಮೋರೆ.
ಗೊತ್ತೈತೆ ಆ ದಾಹ.
ಬಾಜೂ ಪಂಜರದಾಗೆ ಔಷಧಿ ಐತೆ, ಇವಕ್ಕಿಲ್ಲ ಅಂದ್ರೆ?
ಏನ್ ಪಾಪ ಮಾಡಿದ್ವು, ಎರಡರಾಗೆ ಬೀಳಾಕೆ?"

ಚೀಟಿ ಎತ್ತಿದ್ದು ನಾನು. ಪಾಪದ ಲೆಕ್ಕ ಅದರಲ್ಲಿರಲಿಲ್ಲ.

ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಹೇಳಿದೆ:
ಈ ಲೆಕ್ಕ ಇನ್ನು ನಿಲ್ಲುವುದಿಲ್ಲ ಪಾಲಯ್ಯ,
ಮೊದಲಿಂದ ಮಾಡಬೇಕು. ಹೊಸ ಮೂವತ್ತು.
ಅವನು ಬೆರಳ ಗೆಣ್ಣು ಎಣಿಸಿದ.
"ಅದರಾಗೂ ಆರು?"
"ಆರು."
"ನಾನ್ ಸಿಪ್ಪೆ ಹಾಕದಿದ್ರೆ?"
ಉತ್ತರ ಅವನಿಗೇ ಗೊತ್ತಿತ್ತು. ಆದರೂ ನಾನು ಹೇಳುವವರೆಗೆ ಕಾದ.

ಕೊನೆಯ ದಿನ ಅವನು ಯಾವತ್ತೂ ರಜೆ ಹಾಕುತ್ತಾನೆ.
ಈ ಸಲ ಬಂದ. ಎರಡನೆಯ ಗುಂಪನ್ನು
ಒಂದೊಂದಾಗಿ ತಾನೇ ಅಂಗೈಯಲ್ಲಿ ತಂದುಕೊಟ್ಟ.
ಯಕೃತ್ತು ಫಾರ್ಮಲಿನ್ ಸೀಸೆಗೆ ಇಳಿಯುವಾಗ
ಹೆಸರುಗಳಿದ್ದವೆಂದು ನನಗೆ ತಿಳಿಯಿತು.
ಒಂದನ್ನು ಕೇಳಿಸಿಕೊಂಡೆ. ಬರೆಯುವುದಿಲ್ಲ.

ಬೆಂಗಳೂರಿಂದ ಹೊಸವು ಬಂದಿವೆ.
ಖಲಂದರನ ಚೀಲ ಈಗ ಬೀರುವಿನಲ್ಲಿದೆ, ಬೀಗ ಹಾಕಿ.
ಬೀಗದ ಕೈ ಪಾಲಯ್ಯನೇ ತಂದುಕೊಟ್ಟ:
"ನಿಮ್ಮತ್ರ ಇರ್ಲಿ, ನನ್ ಕೈ ನಂಬಂಗಿಲ್ಲ."

ಎರಡನೆಯ ಗುಂಪಿನ ಬಾಟಲಿಯನ್ನು ಮಾತ್ರ
ದಿನಕ್ಕೆ ಮೂರು ಸಲ ತುಂಬುತ್ತಾನೆ,
ಬೆಳಿಗ್ಗೆ, ಮಧ್ಯಾಹ್ನ,
ಮತ್ತೆ ದೀಪ ಆರಿಸುವ ಮುಂಚೆ ಒಮ್ಮೆ.
ನೀರು ಕೊಡಬಾರದೆಂದು ಯಾವ ನಿಯಮದಲ್ಲೂ ಇಲ್ಲ.
ನಾನು ಹುಡುಕಿ ನೋಡಿದ್ದೇನೆ.