ಅಳತಿ ಕುಬಸ

ಊರ ಹೆಣ್ಣುಮಕ್ಕಳ ಅಳತಿ ಎಲ್ಲಾ ನನ್ನ ವಹಿಯೊಳಗ ಐತಿ,
ಎದಿ, ಸೊಂಟ, ತೋಳು, ಬೆನ್ನಿನ ಇಳುವು,
ಹೆಸರಿನ ಮುಂದ ಓಣಿ, ಓಣಿಯ ಮುಂದ ಬಾಕಿ.
ಆಕಿ ಹೆಸರಿಲ್ಲ.
ಲಗ್ನದಾಗ ತವರವರು ಹೊಲಿಸಿ ಕೊಟ್ಟ ಒಂದು ಕುಬಸ
ಹತ್ತೊಂಬತ್ತು ವರ್ಷ ಮಷೀನಿನ ಹಿಂದಿನ ಮೊಳಿಗೆ ಜೋತುಬಿದ್ದೈತಿ.
ಅದನ್ನ ಹಾಸಿ ಕತ್ತರಿಸೂದು, ತಿರುಗಿ ಮೊಳಿಗೆ ಹಾಕೂದು.
ಟೇಲರನ ಹೆಂಡ್ತಿಗೆ ಟೇಪ್ ಹಿಡಿದದ್ದು
ಗುಳೇದಗುಡ್ಡದಾಗ ಯಾರರ ಕಂಡಾರೇನು?

ಗಂಟು ಆಕಿ ಕೈಗೇ ಮೊದಲ ಸಿಕ್ಕಿದ್ದು, ಜಳಕದಾಗ.
ನನಗ ಹೇಳಿದ್ದು ಎರಡು ತಿಂಗಳ ಮ್ಯಾಲ,
ಲಗ್ನಸರಾಯಿ ಹೊಲಿಗಿ ಮುಗೀಲಿ ಅಂತ.

ಇಪ್ಪತ್ತೊಂದು ದಿನಕ್ಕೊಮ್ಮೆ ಬಾಗಲಕೋಟಿ.
ನಸುಕಿನ ಬಸ್ಸಿಗೆ ಮಗ್ಗದ ಸಪ್ಪಳ ಇನ್ನೂ ಎದ್ದಿರಂಗಿಲ್ಲ.
ಆಕಿ ಕಿಟಕಿ ಕಡೆ, ನನ್ನ ತೊಡಿಮ್ಯಾಲ ಚೀಲ:
ಫೈಲು, ಕಾರ್ಡು, ಗಂಜಿ ಡಬ್ಬಿ,
ಬರೂವಾಗಿನ ವಾಂತಿಗೆ ಪ್ಲಾಸ್ಟಿಕ್ ಹಾಳಿ ನಾಕು.
ನರ್ಸು "ದಾಕ್ಷಾಯಿಣಿ" ಅಂತ ಕೂಗಿದ್ರ
ಇಬ್ರೂ ಸುಮ್ಮನ ಕುಂತಿರ್ತೀವಿ.
ಮೂರನೇ ಸಲಕ್ಕ ನೆನಪಾಗ್ತೈತಿ
ಮನ್ಯಾಗಿನ ದ್ರಾಕ್ಷವ್ವ ಕಾಗದದ ಮ್ಯಾಲ ಹಂಗ ಅದಾಳ ಅಂತ.

ಕುಂಕುಮ ಕಲಸಿದ ನೀರಿನಂಥಾ ಔಷಧ
ನಳಿಗುಂಟ ಇಳೀತೈತಿ.
ನಾ ಹನಿ ಎಣಿಸ್ತೀನಿ, ಕಾಜಾದ ಟಾಕಿ ಎಣಿಸಿದಂಗ,
ನೂರಕ್ಕ ತಪ್ಪಿ ಮತ್ತ ಒಂದರಿಂದ.
ಬಾಜೂ ಕಾಟಿನ ಮುಧೋಳದ ಮುದುಕಿ ಅಂದ್ಲು:
"ನಮ್ಮಾಂವ ಮೊದಲನೇ ಡೋಸಿಗೆ ಚಾ ಕುಡಿಯಾಕ ಹೋದಾಂವ,
ನಾಕು ಮುಗದೂವು, ಇನ್ನೂ ಕುಡಿಯಾಕತ್ತಾನ."
ದ್ರಾಕ್ಷವ್ವ ನಕ್ಕಳು. ನಾನೂ ನಕ್ಕೆ.
ಆ ಚಾದಂಗಡಿ ಮಟ ಎಷ್ಟು ಹೆಜ್ಜಿ ಅನ್ನೂದು
ನನಗ ಬಾಯಿಪಾಠ ಐತಿ ಅಂತ ಹೇಳಲಿಲ್ಲ.

ಕೂದಲ ದಿಂಬಿನ ಮ್ಯಾಲ ಉಳ್ಯಾಕ ಹತ್ತಿದಾಗ
"ನಿಮ್ಮ ಕತ್ರಿ ತರ್ರಿ" ಅಂದ್ಲು.
ಅರಿವಿ ಬಿಟ್ಟು ಬ್ಯಾರೆ ಏನೂ ಮುಟ್ಟಿಸಿಲ್ಲ ಆ ಕತ್ರಿಗೆ.
ಮಗ ಒಮ್ಮೆ ಕಾಗದ ಕತ್ತರಿಸಿ ಏಟು ತಿಂದಾನ.
ಅವತ್ತು ಕತ್ತರಿಸ್ತು. ಮೊಂಡಾಗಲಿಲ್ಲ.
ಆಕಿ ಕನ್ನಡಿ ಕೇಳಲಿಲ್ಲ,
ಕಸಬರಿಗಿ ಕೇಳಿದ್ಲು.

ಆಮ್ಯಾಲ ಎಡಗಡೆದು ತಗದ್ರು.
ಗಾಯ ಚಂದ ಮಾದೈತಿ ಅಂದ್ರು ಡಾಕ್ಟರು.
ನಾ ಹೊಲಿಗಿ ನೋಡಿದೆ.
ಇಪ್ಪತ್ತಮೂರು ಟಾಕಿ, ಕೈಹೊಲಿಗಿ, ಕಡೀಕ ಎರಡು ಸೊಟ್ಟ.
ಅದಕ್ಕ ಸಿಟ್ಟು ಬಂತು ನೋಡ್ರಿ, ಆ ಎರಡಕ್ಕ,
ಸಂಡಾಸಿನ ಬಾಗಿಲ ಹಾಕ್ಕೊಂಡು ಅತ್ತೆ.

ಈಗ ಕರೆಂಟು ಕೊಡಾಕತ್ತಾರ, ದಿನಾ, ಐತವಾರ ಬಿಟ್ಟು.
ಎದಿಮ್ಯಾಲ ನೀಲಿ ಶಾಯಿಲೆ ಗೆರಿ ಹೊಡದಾರ,
ತೊಳೀಬ್ಯಾಡ್ರಿ ಅಂದಾರ.
ಸೀಮಿಸುಣ್ಣಲೆ ನಾ ಹೊಡಿಯೂ ಹಂಗೇ,
ಗೆರಿ ನೆಟ್ಟಗ ಅದಾವು. ಯಾರೋ ಕಸಬುದಾರ.

ನಿನ್ನಿ ಆಕೀನ ಮೊಳಿಯಿಂದ ಹಳೇ ಕುಬಸ ಇಳಿಸಿದ್ಲು.
"ಇದು ಬ್ಯಾರೆಯಾಕಿದು. ಮಷೀನಿನ ಎಣ್ಣಿ ಒರಸ್ರಿ."
ನಾ ಇನ್ನೂ ಒರಸಿಲ್ಲ.
ಟ್ರಂಕಿನ್ಯಾಗಿಂದ ಆನಿಹೆಜ್ಜಿ ಖಣ ತಗದು ಹಾಸಿದ್ಲು,
ಕರೆಂಟು ಮುಗದ ಮ್ಯಾಲ ಉಡಾಕ.
ಬಾಗಿಲ ಮುಂದ ಮಾಡಿ ಟೇಪ್ ಹಿಡಿದೆ.
"ಉಸರು ಹಿಡೀಬ್ಯಾಡ, ಬಿಡು,"
ಎಲ್ಲಾರಿಗೂ ಅಂದಂಗ ಅಂದೆ.
ನನ್ನ ಕೈ ಎಡಕ್ಕ ಬಂದು ನಿಂತ್ವು.
"ಹತ್ತಿ ಇಟ್ಟು ಹೊಲೀಲೇನು?"
"ಬ್ಯಾಡ. ಬ್ಯಾಸಗಿ ಐತಿ."

ಬಲಕ್ಕ ಮೂರು ಟಕ್, ಎಡಕ್ಕ ಒಂದೂ ಇಲ್ಲ.
ವಹಿಯೊಳಗ ಬರದೆ: ದ್ರಾಕ್ಷವ್ವ, ನಮ್ಮ ಓಣಿ,
ಬಾಕಿ ಹನ್ನೊಂದು ಕರೆಂಟು.

ಬಗಲಾಗ ಒಳಗಡೆ ಎರಡು ಬೆರಳು ಅರಿವಿ ಹೆಚ್ಚಿಗಿ ಬಿಟ್ಟೀನಿ.
ನನಗ ಕೆಲಸ ಕಲಿಸಿದಾಂವ ನಿಪ್ಪಾಣಿ ಕಡಿಯಾಂವ,
ಹಂಗ ಬಿಡೂದಕ್ಕ ಮಾಯಾ ಅಂತಿದ್ದ.
ಮುಂದ ಮೈ ತುಂಬಿದ್ರ ಬಿಚ್ಚಬೇಕಲ್ಲ.
ಮೂವತ್ತೆಂಟು ಕಿಲೋ ಅದಾಳ ಈಗ.
ಖಣ ತಿರುವಿ ನೋಡಿ, ಬೆರಳ ಇಟ್ಟು ಅಳದು,
ಎರಡು ಸಾಲಂಗಿಲ್ಲ,
ಮೂರು ಬಿಡ್ರಿ ಅಂದ್ಲು.