ಯಾರಿಗೂ ಗೊತ್ತಿಲ್ಲದ ಜಾಗ

ಬೆಳಗಿನ ಜಾವದ ಮೊದಲ ಟ್ರಿಪ್ಪು ನನ್ನದೇ.
ಬಾಗೇಪಲ್ಲಿ ಬಿಡುವಾಗ ಐದೂಕಾಲು.
ಹೋದ ವರ್ಷದವರೆಗೆ ಈ ಬಸ್ಸಿಗೆ
ನಾಲ್ಕು ಖಾಲಿ ಹಾಲಿನ ಕ್ಯಾನು, ತೂಕಡಿಸುವ ಮೇಷ್ಟ್ರು,
ಸಂತೆ ಮುಗಿಸಿ ಮಗಳ ಮನೆಯಲ್ಲಿ ಮಲಗೆದ್ದ ಪಿಳ್ಳಮ್ಮ,
ಅವಳ ಕುಕ್ಕೆ.
ಮಿಕ್ಕ ಸೀಟಿನಲ್ಲಿ ಗಾಳಿ ಕೂತು ಬರುತ್ತಿತ್ತು,
ಟಿಕೆಟ್ಟಿಲ್ಲದೆ.

ಆಮೇಲೆ ಆ ಹುಡುಗ ಬಂದ, ಬೈಕಿನಲ್ಲಿ,
ಹೆಲ್ಮೆಟ್ಟಿನ ಮೇಲೊಂದು ಕಣ್ಣು ಅಂಟಿಸಿಕೊಂಡು.
ಕೊನೇ ಸ್ಟಾಪಿನ ಬಂಡೆ ತುದಿಗೆ ಕಾಲು ಇಳಿಬಿಟ್ಟು ಕೂತ.
ಕೆಳಗೆ ಮೋಡ.
"ಸ್ನೇಹಿತರೇ, ಇದು ಯಾರಿಗೂ ಗೊತ್ತಿಲ್ಲದ ಜಾಗ,
ಮೋಡದ ಬಾಲ್ಕನಿ ಅಂತ ನಾನೇ ಹೆಸರಿಟ್ಟಿದೀನಿ" ಅಂದ.
"ಯಾರಿಗೂ ಅಂದರೆ ಯಾರಿಗೆ?" ಅಂದರು ಮೇಷ್ಟ್ರು, ಎಚ್ಚರಾಗಿ.
ಆರು ಲಕ್ಷ ಜನ ನೋಡಿದರು.
ನಾನೂ ನೋಡಿದೆ, ಸುಳ್ಳು ಯಾಕೆ, ಏಳು ಸಲ.
ಮೂರನೇ ನಿಮಿಷಕ್ಕೆ ದೂರದ ತಿರುವಿನಲ್ಲಿ
ಹುರುಳಿಕಾಳಿನಷ್ಟು ಕೆಂಪು ಬಸ್ಸು ತೆವಳುತ್ತದೆ,
ಅದರೊಳಗೆ ನಾನಿದ್ದೇನೆ, ಚಿಲ್ಲರೆ ಎಣಿಸುತ್ತ.
ಹೆಂಡತಿಗೆ ತೋರಿಸಿದೆ.
"ಎಲ್ಲಿ?" ಅಂದಳು.

ಈಗ ಶನಿವಾರ ಕಾಲಿಡಲು ಜಾಗವಿಲ್ಲ.
ಬಾಲ್ಕನಿ, ಬಾಲ್ಕನಿ ಅಂತ ನಾನೇ ಕೂಗುತ್ತೇನೆ
ಟಾಕೀಸಿನ ಗೇಟಿನಲ್ಲಿ ನಿಂತವನ ಹಾಗೆ.
ಡಿಪೋ ಮ್ಯಾನೇಜರಿಗೆ ಖುಷಿ.
ಮೇಷ್ಟ್ರು ನಿಂತೇ ತೂಕಡಿಸುತ್ತಾರೆ.

ಮೊನ್ನೆ ಪಿಳ್ಳಮ್ಮ ಆಧಾರ್ ಮುಂದೆ ಹಿಡಿದು
"ಉಲವಲಬಂಡ" ಅಂದಳು, ಎಂದಿನಂತೆ.
ಪಕ್ಕದ ಹುಡುಗಿ ಫೋನಿನಲ್ಲಿ ಹುಡುಕಿ, ಪಾಪ, ಕಳಕಳಿಯಿಂದಲೇ,
"ಅಜ್ಜಿ, ಆ ಹೆಸರಿನ ಊರು ಈ ದಾರೀಲಿ ಇಲ್ಲ,
ತಪ್ಪು ಬಸ್ಸು ಹತ್ತಿದೀರೇನೋ."
ಪಿಳ್ಳಮ್ಮ ನನ್ನ ಮುಖ ನೋಡಿದಳು.
ನಾನು ಮಿಷಿನ್ನು ನೋಡಿದೆ.
ಅದಕ್ಕೆ ಆ ಹೆಸರೂ ಗೊತ್ತಿಲ್ಲ, ಈ ಹೆಸರೂ ಗೊತ್ತಿಲ್ಲ.
ಹನ್ನೊಂದನೇ ಸ್ಟೇಜು. ಸೊನ್ನೆ ರೂಪಾಯಿ.
ಚೀಟಿ ಹರಿದು ಕೊಟ್ಟೆ.

ಕೊನೇ ಸ್ಟಾಪು. ಎಲ್ಲರೂ ಇಳಿದು ಓಡಿದರು,
ತಮ್ಮನ್ನು ಬಿಟ್ಟು ಸೂರ್ಯ ಹುಟ್ಟಿಬಿಟ್ಟಾನೆಂದು.
ಪಿಳ್ಳಮ್ಮ ನಿಧಾನ ಇಳಿದು, ಟಾರ್ಪಾಲು ಸರಿಸಿ,
ಮೂಟೆ ಬಿಚ್ಚಿ ಬಂಡೆ ಮೇಲೆ ಹುರುಳಿ ಹರವಿದಳು,
ಅವಳತ್ತೆ ಹರವಿದಲ್ಲೇ, ಅತ್ತೆಯ ಅತ್ತೆ ಹರವಿದಲ್ಲೇ.
ಹುರುಳಿಗೆ ಈ ಕಡೆ ಉಲವಲು ಅನ್ನುತ್ತೇವೆ, ಅದಕ್ಕೇ ಆ ಹೆಸರು.
ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ತುದಿಯಲ್ಲಿ ಸಾಲಾಗಿ ನಿಂತಿದ್ದಾರೆ, ಫೋನೆತ್ತಿ.
ನೆರಳು ಉದ್ದಕ್ಕೆ ಬಂದು ಕಾಳಿನ ಮೇಲೆ ಮಲಗಿವೆ.
"ವಸಿ ಪಕ್ಕಕ್ಕೆ ಬನ್ರಪ್ಪ" ಅಂದಳು ಪಿಳ್ಳಮ್ಮ,
"ಕಾಳು ಒಣಗಬೇಕು."

ಡ್ರೈವರು ಬಸ್ಸು ತಿರುಗಿಸುತ್ತಿದ್ದ.
ಬರ್ಲಿ, ಬರ್ಲಿ, ಅನ್ನುತ್ತ
ನಾನು ಅದರ ಬೆನ್ನು ತಟ್ಟುತ್ತಿದ್ದೆ.